ಶುಗರ್ ಇರೋರಿಗೆ ಭುಜ ಹಿಡ್ಕೊಂಡ್ರೆ: ಎಕ್ಸರ್‌ಸೈಸಾ, ಇಂಜೆಕ್ಷನ್ನಾ, ಆಪರೇಷನ್ನಾ?

ಶುಗರ್ ಇರೋರು ಭುಜ ನೋವು ಅಂತ ನಮ್ಮ ಹತ್ರ ಬರೋ ಹೊತ್ತಿಗೆ ತಲೆ ತುಂಬಾ ಸಲಹೆ ತುಂಬ್ಕೊಂಡೇ ಬಂದಿರ್ತಾರೆ. ಆರ್ಥೋ ಡಾಕ್ಟ್ರು ಇಂಜೆಕ್ಷನ್ ಹಾಕಿಸ್ಕೊಳಿ ಅಂದಿರ್ತಾರೆ, ಶುಗರ್ ಡಾಕ್ಟ್ರು ಸ್ಟೀರಾಯ್ಡ್ ಆದಷ್ಟು ಬೇಡ ಅಂದಿರ್ತಾರೆ, ಅಳಿಯ ಯೂಟ್ಯೂಬ್ ನೋಡಿ ಅತ್ತೆ ಬೆರಳನ್ನ ದಿನಾ ಗೋಡೆ ಹತ್ತಿಸ್ತಿರ್ತಾನೆ, ಪಕ್ಕದ್ಮನೆಯವರು ಎಣ್ಣೆ ಹಚ್ಚಿ ಒಂದ್ಸಲ ಗಟ್ಟಿಯಾಗಿ ಎಳೆಸ್ಬಿಡಿ ಅಂದಿರ್ತಾರೆ, ಇನ್ಯಾರೋ ಅದು ಎರಡು ವರ್ಷಕ್ಕೆ ತಾನಾಗೇ ಹೋಗುತ್ತೆ ಬಿಡ್ರಿ ಅಂದಿರ್ತಾರೆ. ಎಳೆಸಿ ಅಂದೋರನ್ನ ಬಿಟ್ರೆ ಇವರಲ್ಲಿ ಯಾರು ಹೇಳಿದ್ದೂ ಪೂರ್ತಿ ತಪ್ಪಲ್ಲ, ಅದೇ ತೊಂದರೆ. ಭುಜ ಈಗ ಯಾವ ಹಂತದಲ್ಲಿದೆ ಮತ್ತು ಶುಗರ್ ಈಗ ಎಷ್ಟಿದೆ ಅಂತ ಗೊತ್ತಿಲ್ದೆ ಯಾವ ಚಿಕಿತ್ಸೆನೂ ಒಳ್ಳೇದು ಕೆಟ್ಟದ್ದು ಅಂತ ಹೇಳಕ್ಕಾಗಲ್ಲ. ಇಲ್ಲಿ ಒಂದೊಂದನ್ನೂ ಆ ಎರಡು ಲೆಕ್ಕ ಇಟ್ಕೊಂಡೇ ನೋಡೋಣ. ನಾನು ಫಿಜಿಯೋಥೆರಪಿ ಮಾಡೋನು, ವ್ಯಾಯಾಮದ ಕಡೆ ಸ್ವಲ್ಪ ವಾಲಿದ್ರೆ ಅಷ್ಟನ್ನ ಕಳೆದು ಓದ್ಕೊಳಿ.

ಮೊದ್ಲು ಅದು ಫ್ರೋಜನ್ ಶೋಲ್ಡರೇನಾ ಅಂತ ನೋಡ್ಕೊಳಿ

ಒಬ್ಬ ಡಾಕ್ಟ್ರು ಚೀಟೀಲಿ ಫ್ರೋಜನ್ ಶೋಲ್ಡರ್ ಅಂತ ಬರೀತಾರೆ, ಇನ್ನೊಬ್ಬರು ಪೆರಿಆರ್ಥ್ರೈಟಿಸ್ ಅಂತಾರೆ, ಮತ್ತೊಬ್ಬರು ಅಡೆಸಿವ್ ಕ್ಯಾಪ್ಸುಲೈಟಿಸ್, ಎಲ್ಲಾ ಹೆಚ್ಚುಕಮ್ಮಿ ಒಂದೇ, ಮೂರು ಕಾಯಿಲೆ ಬಂತು ಅಂತ ಗಾಬರಿ ಆಗ್ಬೇಡಿ. ಮನೇಲೇ ಒಂದು ಪರೀಕ್ಷೆ ಮಾಡಬಹುದು. ಮೊಣಕೈಯನ್ನ ಸೊಂಟಕ್ಕೆ ಅಂಟಿಸಿ ಮಡಚಿ, ಮುಂಗೈಯನ್ನ ಹೊರಗಡೆಗೆ ತಿರುಗಿಸಿ, ಬಾಗಿಲು ತೆಗೆದಂಗೆ. ಒಳ್ಳೇ ಕೈ ಎಷ್ಟು ಹೋಗುತ್ತೋ ಅದರ ಅರ್ಧನೂ ನೋವಿರೋ ಕೈ ಹೋಗ್ತಿಲ್ಲ, ಬೇರೆಯವರು ಹಿಡಿದು ಮೆಲ್ಲಗೆ ತಿರುಗಿಸಿದ್ರೂ ಅಲ್ಲೇ ಗಕ್ಕಂತ ನಿಲ್ಲುತ್ತೆ ಅಂದ್ರೆ ಫ್ರೋಜನ್ ಶೋಲ್ಡರ್ ಇರೋ ಸಾಧ್ಯತೆ ಜಾಸ್ತಿ. ನಿಮ್ಮಿಂದ ಎತ್ತಕ್ಕಾಗಲ್ಲ, ಆದ್ರೆ ಬೇರೆಯವರು ಎತ್ತಿದ್ರೆ ಸಲೀಸಾಗಿ ಮೇಲೆ ಹೋಗುತ್ತೆ ಅಂದ್ರೆ ಅದು ಭುಜದ ಮಾಂಸದ ನಾರು ಹರಿದಿರೋ ಕೇಸ್ ಇರಬಹುದು, ಅದರ ದಾರಿಯೇ ಬೇರೆ. ಕುತ್ತಿಗೆ ತಿರುಗಿಸಿದ್ರೆ ನೋವು ಬೆರಳ ತುದಿವರೆಗೂ ಜೋಮು ಹಿಡಿದಂಗೆ ಇಳಿಯುತ್ತೆ ಅಂದ್ರೆ ಕುತ್ತಿಗೆಯ ನರ ನೋಡಿಸ್ಬೇಕು. ಎಕ್ಸ್‌ರೇಲಿ ಫ್ರೋಜನ್ ಶೋಲ್ಡರ್ ಕಾಣಲ್ಲ, ಎಕ್ಸ್‌ರೇ ನಾರ್ಮಲ್ ಬಂತು ಅಂದ್ರೆ ಏನೂ ಇಲ್ಲ ಅಂತ ಅರ್ಥ ಅಲ್ಲ, ಮೂಳೆ ಸವೆತ, ಕೀಲು ಜಾರಿರೋದು, ಗಡ್ಡೆ ಇಂಥದ್ದು ಇಲ್ಲ ಅಂತ ಮಾತ್ರ.

ಒಂದು ಎಚ್ಚರಿಕೆ ಮಾತ್ರ ಯಾವ ಹೋಲಿಕೆಗೂ ಮುಂಚೆ. ಎಡಭುಜ, ಎಡಗೈ ನೋವಿನ ಜೊತೆ ಬೆವರು, ಉಸಿರು ಕಟ್ಟೋದು, ಹೊಟ್ಟೆ ತೊಳೆಸೋದು, ಅಥವಾ ಮೆಟ್ಟಿಲು ಹತ್ತುವಾಗ ನೋವು ಬಂದು ಕೂತ್ರೆ ಹೋಗೋದು ಇದ್ರೆ ಅದು ಹೃದಯದ ನೋವು ಇರಬಹುದು. ಶುಗರ್ ಇರೋರಿಗೆ ಹಾರ್ಟ್ ಅಟ್ಯಾಕಲ್ಲಿ ಎದೆನೋವು ಜೋರಾಗಿ ಬರದೇನೂ ಇರಬಹುದು. ಆಗ ಫಿಜಿಯೋ ಹತ್ರ ಅಲ್ಲ, ಜಯದೇವನೋ ಹತ್ತಿರದ ಇನ್ಯಾವುದೋ ಹೃದಯದ ಆಸ್ಪತ್ರೆಗೋ ಹೋಗಿ, ಆವಾಗಲೇ.

ಶುಗರ್‌ಗೂ ಭುಜಕ್ಕೂ ಏನು ಸಂಬಂಧ

ಭುಜದ ಕೀಲಿನ ಸುತ್ತ ತೆಳ್ಳಗೆ, ಸಡಿಲವಾಗಿ ಒಂದು ಚೀಲ ಇದೆ. ಕೈ ಎಲ್ಲಾ ದಿಕ್ಕಿಗೂ ತಿರುಗೋದು ಆ ಸಡಿಲದಿಂದಲೇ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ರೆ ಅದು ಕೊಲ್ಯಾಜನ್ ಅನ್ನೋ ನಾರಿಗೆ ಅಂಟ್ಕೊಂಡು ನಾರುಗಳನ್ನ ಒಂದಕ್ಕೊಂದು ಬೆಸೆದುಬಿಡುತ್ತೆ, ಮೇಲಿಂದ ಉರಿಯೂತನೂ ಸೇರಿ ಚೀಲ ದಪ್ಪ ಆಗಿ, ಬಿಸಿನೀರಲ್ಲಿ ಒಗೆದ ಬನಿಯನ್ ಥರ ಕುಗ್ಗುತ್ತೆ. ಸಾಮಾನ್ಯ ಜನರಲ್ಲಿ 100ಕ್ಕೆ 2ರಿಂದ 5 ಜನಕ್ಕೆ ಬರೋ ಈ ಕಾಯಿಲೆ ಶುಗರ್ ಇರೋರಲ್ಲಿ 10ರಿಂದ 20 ಜನಕ್ಕೆ ಬರುತ್ತೆ. 2023ರಲ್ಲಿ ಬಂದ ಐಸಿಎಂಆರ್ ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಶುಗರ್ ಇರೋರೇ 10 ಕೋಟಿ ದಾಟಿದ್ದಾರೆ, ಎಷ್ಟು ಭುಜ ಆಯ್ತು ನೀವೇ ಲೆಕ್ಕ ಹಾಕಿ. ನಲವತ್ತರಿಂದ ಅರವತ್ತು ವಯಸ್ಸಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಸ್ವಲ್ಪ ಜಾಸ್ತಿ. ಥೈರಾಯ್ಡ್ ಇರೋರಲ್ಲೂ ಬರುತ್ತೆ. ಶುಗರ್ ಇಲ್ಲ ಅನ್ಕೊಂಡಿರೋರಿಗೆ ಭುಜ ಹಿಡ್ಕೊಂಡ್ರೆ ಶುಗರ್, ಟಿಎಸ್‌ಎಚ್ ಅನ್ನೋ ಥೈರಾಯ್ಡ್ ಪರೀಕ್ಷೆ ಎರಡೂ ಒಮ್ಮೆ ಚೆಕ್ ಮಾಡಿಸೋದು ಒಳ್ಳೇದು, ಕೆಲವರಿಗೆ ಶುಗರ್ ಇರೋದು ಗೊತ್ತಾಗೋದೇ ಹೀಗೆ.

ಹಂತ ಮೂರು. ಮೊದಲನೇದು ನೋವಿನ ಹಂತ, ರಾತ್ರಿ ಆ ಮಗ್ಗುಲಿಗೆ ತಿರುಗಿದ್ರೆ ಜೀವ ಹೋಗುತ್ತೆ, ಅಕಸ್ಮಾತ್ ಕೈ ಎಳೆದಂಗೆ ಆದ್ರೆ ಕಣ್ಣಲ್ಲಿ ನೀರು, ಇದು 2ರಿಂದ 9 ತಿಂಗಳು. ಎರಡನೇದು ಬಿಗಿತದ ಹಂತ, ನೋವು ಕಮ್ಮಿ ಆಗಿರುತ್ತೆ, ಆದ್ರೆ ಕೈ ಹೋಗಲ್ಲ, ಬ್ಲೌಸ್ ಹಿಂದಿನ ಹುಕ್ ಹಾಕಕ್ಕಾಗಲ್ಲ, ಹಿಂದಿನ ಜೇಬಿಂದ ಪರ್ಸ್ ತೆಗೆಯಕ್ಕಾಗಲ್ಲ, ಬಸ್ಸಲ್ಲಿ ಮೇಲಿನ ಕಂಬಿ ಹಿಡಿಯಕ್ಕಾಗಲ್ಲ, ಇದು 4ರಿಂದ 12 ತಿಂಗಳು. ಮೂರನೇದು ಬಿಡೋ ಹಂತ, ಅದು 5 ತಿಂಗಳಿಂದ 2 ವರ್ಷದವರೆಗೂ ಎಳೆಯಬಹುದು. ಶುಗರ್ ಇರೋರಲ್ಲಿ ಇದೆಲ್ಲಾ ಇನ್ನೂ ನಿಧಾನ, ಇನ್ನೊಂದು ಭುಜಕ್ಕೂ ಬರೋ ಸಾಧ್ಯತೆ ಜಾಸ್ತಿ, ಕೊನೆಗೆ ಸ್ವಲ್ಪ ಬಿಗಿತ ಉಳಿದುಬಿಡೋದೂ ಜಾಸ್ತಿ. ಹಾಗಾಗಿ ತಾನಾಗೇ ಹೋಗುತ್ತೆ ಅಂತ ಕೈಕಟ್ಟಿ ಕೂರೋದು ಬೇರೆಯವರಿಗೆ ಒಂದು ಆಯ್ಕೆ ಆಗಬಹುದೇನೋ, ಶುಗರ್ ಇರೋರಿಗೆ ಅದನ್ನ ನಾನು ಆಯ್ಕೆ ಅಂತ ಲೆಕ್ಕಕ್ಕೇ ತಗೊಳಲ್ಲ.

ನೋವಿನ ಮಾತ್ರೆ

ಪ್ಯಾರಾಸಿಟಮಾಲ್, ಅಂದ್ರೆ ಡೋಲೋ ಥರದ್ದು, ಮಿತಿಯಲ್ಲಿ ತಗೊಂಡ್ರೆ ತಕ್ಕಮಟ್ಟಿಗೆ ಸೇಫ್, ಆದ್ರೆ ಮೊದಲನೇ ಹಂತದ ರಾತ್ರಿ ನೋವಿಗೆ ಬಹಳ ಸಲ ಸಾಕಾಗಲ್ಲ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಎಟೋರಿಕಾಕ್ಸಿಬ್ ಇವು ಚೆನ್ನಾಗಿ ಕೆಲಸ ಮಾಡ್ತವೆ, ಆದ್ರೆ ಶುಗರ್ ಇರೋರ ಕಿಡ್ನಿ ಮೊದಲೇ ಸೂಕ್ಷ್ಮ, ಜೊತೆಗೆ ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ, ಮೂತ್ರ ಹೋಗೋ ಮಾತ್ರೆ ನಡೀತಿದ್ರೆ ಈ ಮೂರೂ ಸೇರಿ ಕಿಡ್ನಿಗೆ ಪೆಟ್ಟು ಕೊಡಬಹುದು. ಮೆಡಿಕಲ್ ಶಾಪಲ್ಲಿ ಸ್ಟ್ರಿಪ್ ತೋರಿಸಿ ಇದೇ ಇನ್ನೊಂದು ಕೊಡಿ ಅಂತ ತಿಂಗಳುಗಟ್ಟಲೆ ನುಂಗೋದನ್ನ ದಯವಿಟ್ಟು ಬಿಡಿ, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಎಷ್ಟಿದೆ ಅಂತ ನೋಡಿಸಿ ಡಾಕ್ಟ್ರು ಹೇಳಿದಷ್ಟು ದಿನ ಮಾತ್ರ. ಮಾತ್ರೆ ನೋವು ತಗ್ಗಿಸುತ್ತೆ, ಚೀಲದ ಬಿಗಿತ ಬಿಡಿಸಲ್ಲ.

ಎಕ್ಸರ್‌ಸೈಸ್, ಮತ್ತೆ ಆ ಕರೆಂಟ್ ಕೊಡೋದು

ಬಹಳ ಜನಕ್ಕೆ ಫಿಜಿಯೋ ಅಂದ್ರೆ ಕರೆಂಟ್ ಕೊಡೋದು. ಹೋಗ್ತಾರೆ, ಪ್ಯಾಡ್ ಅಂಟಿಸ್ಕೊಂಡು ಹತ್ತು ನಿಮಿಷ ಮಲಗ್ತಾರೆ, ದುಡ್ಡು ಕೊಟ್ಟು ಬರ್ತಾರೆ. ನಮ್ಮ ಕಸುಬಿನವರಿಗೇ ಬೇಜಾರಾದ್ರೂ ಹೇಳ್ತೀನಿ, ಐಎಫ್‌ಟಿ ಅನ್ನೋ ಆ ಕರೆಂಟ್ ಮೆಷಿನ್, ಅಲ್ಟ್ರಾಸೌಂಡ್ ಮೆಷಿನ್ ಇವು ಫ್ರೋಜನ್ ಶೋಲ್ಡರ್‌ನಲ್ಲಿ ದೊಡ್ಡ ಬದಲಾವಣೆ ತರುತ್ತವೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಸ್ವಲ್ಪ ಹೊತ್ತು ನೋವು ತಗ್ಗಿ ಎಕ್ಸರ್‌ಸೈಸ್ ಮಾಡೋಕೆ ಅನುಕೂಲ ಆದ್ರೆ ಸರಿ, ಅಷ್ಟೇ. ದುಡ್ಡು ಎಕ್ಸರ್‌ಸೈಸ್ ಕಲಿಯೋಕೆ ಖರ್ಚು ಮಾಡಿ, ಒಂದ್ಸಲ ಸರಿಯಾಗಿ ಕಲಿತ್ರೆ ದಿನಾ ಬರಬೇಕಾಗಿಲ್ಲ, ಹತ್ತು ಹದಿನೈದು ದಿನಕ್ಕೊಮ್ಮೆ ತೋರಿಸಿ ಹೋದ್ರೆ ಸಾಕು.

ಎಷ್ಟು ಜೋರಾಗಿ ಮಾಡ್ಬೇಕು ಅನ್ನೋದೇ ಇಲ್ಲಿ ದೊಡ್ಡ ಪ್ರಶ್ನೆ. 2004ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ 77 ಜನರನ್ನ ಎರಡು ಗುಂಪು ಮಾಡಿ ನೋಡಿದ್ರು, ಒಂದು ಗುಂಪಿಗೆ ನೋವು ಬರೋವಷ್ಟರೊಳಗೇ ಮೆಲ್ಲಗೆ ಆಡಿಸೋ ವ್ಯಾಯಾಮ, ಇನ್ನೊಂದಕ್ಕೆ ನೋವಾದ್ರೂ ಬಿಡದೆ ಎಳೆಯೋ ಥೆರಪಿ, ಎರಡು ವರ್ಷ ಆದ್ಮೇಲೆ ಮೆಲ್ಲಗೆ ಮಾಡಿದೋರಲ್ಲಿ ಶೇಕಡಾ 89 ಜನರ ಭುಜ ಹೆಚ್ಚುಕಮ್ಮಿ ಸರಿಹೋಗಿತ್ತು, ಎಳೆಸ್ಕೊಂಡೋರಲ್ಲಿ ಶೇಕಡಾ 63 ಮಾತ್ರ. ಅದು ಶುಗರ್ ಇರೋರ ಮೇಲೆ ಅಂತಲೇ ಮಾಡಿದ್ದಲ್ಲ, ಸಣ್ಣ ಅಧ್ಯಯನ ಬೇರೆ, ಆದ್ರೂ ಮೊದಲನೇ ಹಂತದಲ್ಲಿ ಉರೀತಿರೋ ಚೀಲವನ್ನ ಎಳೆದ್ರೆ ಉರಿ ಜಾಸ್ತಿ ಆಗುತ್ತೆ ಅನ್ನೋದು ನಾವು ದಿನಾ ಕಾಣೋದೇ.

ನೋವಿನ ಹಂತದಲ್ಲಿ ಒಳ್ಳೇ ಕೈಲಿ ಟೇಬಲ್ ಹಿಡಿದು ಬಗ್ಗಿ ನೋವಿರೋ ಕೈಯನ್ನ ಗಡಿಯಾರದ ಲೋಲಕದಂಗೆ ಇಳಿಬಿಟ್ಟು ಆಡಿಸೋದು, ಅಂಗಾತ ಮಲಗಿ ಎರಡೂ ಕೈಲಿ ಛತ್ರಿನೋ ಕೋಲೋ ಹಿಡಿದು ಒಳ್ಳೇ ಕೈಯಿಂದ ಇನ್ನೊಂದನ್ನ ಹೊರಗಡೆಗೆ ಮೆಲ್ಲಗೆ ತಳ್ಳೋದು, ಇಷ್ಟು ಸಾಕು, ಒಂದೇ ಸಲ ಅರ್ಧ ಗಂಟೆ ಮಾಡೋದಕ್ಕಿಂತ ದಿನಕ್ಕೆ ಮೂರ್ನಾಲ್ಕು ಸಲ ಐದೈದು ನಿಮಿಷ. ಬಿಗಿತದ ಹಂತಕ್ಕೆ ಬಂದ್ಮೇಲೆ ಗೋಡೆ ಮೇಲೆ ಬೆರಳು ಹತ್ತಿಸೋದು, ಬಾಗಿಲಿಗೆ ಹಗ್ಗ ಕಟ್ಟಿ ರಾಟೆ ಎಳೆಯೋದು, ಬೆನ್ನ ಹಿಂದೆ ಟವೆಲ್ ಹಿಡಿದು ಎಳೆಯೋದು, ಆಗ ಸ್ವಲ್ಪ ಎಳೆತ ಇರಲೇಬೇಕು. ಮಾಡಿದ ನೋವು ಅರ್ಧ ಗಂಟೇಲಿ ಇಳಿದ್ರೆ ಸರಿ ಇದೆ, ರಾತ್ರಿ ನಿದ್ದೆ ಕೆಡಿಸಿದ್ರೆ ಜಾಸ್ತಿ ಆಯ್ತು, ಮಾರನೇ ದಿನ ಕಮ್ಮಿ ಮಾಡಿ. ಕೈಯನ್ನ ಜೋಳಿಗೆಗೆ ಹಾಕಿ ಸುಮ್ನೆ ಇಟ್ಕೋಳೋದು ಮಾತ್ರ ಬೇಡವೇ ಬೇಡ.

ಸ್ಟೀರಾಯ್ಡ್ ಇಂಜೆಕ್ಷನ್

ಜನ ಅತೀ ಹೆದರೋದು ಇದಕ್ಕೆ, ನನ್ನ ಪ್ರಕಾರ ಸರಿಯಾದ ಟೈಮಲ್ಲಿ ಹಾಕಿಸ್ಕೊಂಡ್ರೆ ಜಾಸ್ತಿ ಉಪಕಾರ ಮಾಡೋದೂ ಇದೇ. ಸಾಮಾನ್ಯವಾಗಿ ಟ್ರಯಾಮ್ಸಿನೊಲೋನ್ ಅಥವಾ ಮಿಥೈಲ್ ಪ್ರೆಡ್ನಿಸೊಲೋನ್, 40 ಮಿಲಿಗ್ರಾಂ ಆಸುಪಾಸು, ನೇರ ಕೀಲಿನೊಳಗೆ ಕೊಡ್ತಾರೆ. ನೋವಿನ ಹಂತದಲ್ಲಿ ಕೊಟ್ರೆ ಮೊದಲ ಕೆಲವು ವಾರದಿಂದ ಎರಡು ಮೂರು ತಿಂಗಳವರೆಗೆ ನೋವು ಚೆನ್ನಾಗಿ ಇಳಿಯುತ್ತೆ, ಆ ಕಿಟಕಿ ತೆರೆದಿರೋವಾಗಲೇ ಎಕ್ಸರ್‌ಸೈಸ್ ಮಾಡಿ ಕೈ ಬಿಡಿಸ್ಕೋಬೇಕು. ಇಂಜೆಕ್ಷನ್ ಹಾಕಿಸ್ಕೊಂಡು ನೋವು ಹೋಯ್ತು ಅಂತ ಸುಮ್ನೆ ಕೂತೋರು ಮೂರು ತಿಂಗಳಿಗೆ ಅದೇ ಕೈ ಹಿಡ್ಕೊಂಡು ವಾಪಸ್ ಬರ್ತಾರೆ. ನೋವೇ ಇಲ್ದೆ ಬರೀ ಬಿಗಿತ ಉಳಿದಿರೋ ಹಂತದಲ್ಲಿ ಇದರಿಂದ ಅಷ್ಟೇನೂ ಲಾಭ ಇಲ್ಲ.

ಈಗ ಶುಗರ್ ವಿಷಯ. ಏರುತ್ತೆ, ಅದರಲ್ಲಿ ಮುಚ್ಚುಮರೆ ಬೇಡ. ಹಾಕಿದ ದಿನದಿಂದಲೇ ಶುರುವಾಗಿ ಎರಡು ಮೂರು ದಿನ ಜೋರಾಗಿದ್ದು ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತೆ. ಇನ್ಸುಲಿನ್ ತಗೊಳೋರಿಗೆ ಏರಿಕೆ ಹೆಚ್ಚು ಕಾಣಬಹುದು. ಹಾಗಾಗಿ ಹಾಕಿಸ್ಕೊಳೋ ಮುಂಚೆನೇ ಶುಗರ್ ಡಾಕ್ಟ್ರ ಹತ್ರ ಎರಡು ಮಾತು ಕೇಳಿಟ್ಕೊಳಿ, ಎಷ್ಟು ದಾಟಿದ್ರೆ ಫೋನ್ ಮಾಡ್ಬೇಕು, ಇನ್ಸುಲಿನ್ ಇದ್ರೆ ಆ ವಾರ ಎಷ್ಟು ಯೂನಿಟ್ ಜಾಸ್ತಿ. ಒಂದು ವಾರ ಮನೇಲಿ ಗ್ಲುಕೋಮೀಟರ್‌ನಲ್ಲಿ ದಿನಕ್ಕೆ ಎರಡು ಮೂರು ಸಲ ನೋಡಿ. 250, 300 ತೋರಿಸ್ತು ಅಂತ ಗ್ಲಿಮೆಪಿರೈಡ್ ಮಾತ್ರೆಯನ್ನ ನೀವೇ ಡಬಲ್ ಮಾಡ್ಬೇಡಿ, ಸ್ಟೀರಾಯ್ಡ್ ಇಳಿದ ದಿನ ಶುಗರ್ ಲೋ ಆಗಿ ಬಿದ್ದುಹೋಗ್ತೀರ. ಟೈಪ್ 1, ಅಂದ್ರೆ ಇನ್ಸುಲಿನ್ ಇಲ್ದೆ ನಡೆಯದ ಶುಗರ್ ಇರೋರು ಕೀಟೋನ್ ಕಡೆನೂ, ಅಂದ್ರೆ ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರ್ಕೊಳೋ ಆಮ್ಲದ ಕಡೆನೂ, ಗಮನ ಇಡ್ಬೇಕು. ಶುಗರ್ ಮೊದಲೇ ತೀರಾ ಮೇಲಿದ್ರೆ, ಜ್ವರ ಇದ್ರೆ, ಕಾಲಲ್ಲಿ ಕೀವಾಗಿರೋ ಗಾಯ ಇದ್ರೆ ಮೊದ್ಲು ಅದನ್ನ ಸರಿ ಮಾಡ್ಕೊಂಡು ಆಮೇಲೆ ಇಂಜೆಕ್ಷನ್. ಹಾಕಿದ್ಮೇಲೆ ಭುಜ ಕೆಂಪಾಗಿ ಬಿಸಿಯಾಗಿ ಜ್ವರ ಬಂದ್ರೆ, ಅಪರೂಪ ಅದು, ಆದ್ರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಇಂಜೆಕ್ಷನ್ ಭಯಕ್ಕೆ ಸ್ಟೀರಾಯ್ಡ್ ಮಾತ್ರೆ ಕೊಡಿ ಅನ್ನೋರಿದ್ದಾರೆ. ಶುಗರ್ ಇರೋರಿಗೆ ಅದು ಉಲ್ಟಾ ಲೆಕ್ಕ, ಮಾತ್ರೆ ತಗೊಂಡಷ್ಟು ದಿನವೂ ಇಡೀ ಮೈಗೆ ಸ್ಟೀರಾಯ್ಡ್ ಹೋಗ್ತಿರುತ್ತೆ, ಶುಗರ್ ಅಷ್ಟೂ ದಿನ ಏರೇ ಇರುತ್ತೆ, ಕೀಲಿಗೆ ಕೊಡೋದೇ ಮೇಲು.

ಇದರದ್ದೇ ಅಣ್ಣ ಹೈಡ್ರೋಡೈಲಟೇಷನ್. ಸ್ಕ್ಯಾನಿಂಗ್ ನೋಡ್ತಾ ಕೀಲಿನೊಳಗೆ ಸಲೈನ್, ಮರಗಟ್ಟಿಸೋ ಔಷಧ, ಸ್ಟೀರಾಯ್ಡ್ ಎಲ್ಲಾ ಸೇರಿಸಿ 20ರಿಂದ 40 ಎಂಎಲ್ ತುಂಬಿ ಕುಗ್ಗಿದ ಚೀಲವನ್ನ ಒಳಗಿಂದ ಹಿಗ್ಗಿಸೋದು. ಆಪರೇಷನ್ ಅಲ್ಲ, ಅದೇ ದಿನ ಮನೆಗೆ. ತುಂಬುವಾಗ ಒತ್ತಿದಂಗೆ ನೋವಾಗುತ್ತೆ. ಮಾಮೂಲಿ ಇಂಜೆಕ್ಷನ್‌ಗಿಂತ ಎಷ್ಟು ಮೇಲು ಅನ್ನೋದ್ರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳಲ್ಲ, ಮಾಮೂಲಿದು ಹಾಕಿಸಿ ಅರ್ಧ ಗುಣ ಆಗಿ ನಿಂತೋರು, ಆಪರೇಷನ್‌ಗೆ ಮುಂಚೆ ಒಂದು ಮೆಟ್ಟಿಲು ಅಂತ ಇದನ್ನ ಕೇಳಿ ನೋಡಬಹುದು. ಪಿಆರ್‌ಪಿ ಅಂತ, ನಿಮ್ಮದೇ ರಕ್ತದಿಂದ ಮಾಡೋ ದುಬಾರಿ ಇಂಜೆಕ್ಷನ್ ಹೇಳಿದ್ರೆ ನಾನಾಗಿದ್ರೆ ಸದ್ಯಕ್ಕೆ ಆ ದುಡ್ಡು ಉಳಿಸ್ಕೋತಿದ್ದೆ.

ಅನಸ್ತೇಶಿಯಾ ಕೊಟ್ಟು ಬಿಡಿಸೋದಾ, ಕೀಹೋಲ್ ಆಪರೇಷನ್ನಾ

ಮೂರರಿಂದ ಆರು ತಿಂಗಳು ಎಕ್ಸರ್‌ಸೈಸ್, ಇಂಜೆಕ್ಷನ್ ಎಲ್ಲಾ ಸರಿಯಾಗಿ ಮಾಡಿನೂ ಕೈ ಬಿಡ್ತಿಲ್ಲ ಅಂದ್ರೆ ಮಾತ್ರ ಈ ಮಾತು. ಒಂದು, ಮಂಪರು ಕೊಟ್ಟು ಡಾಕ್ಟ್ರು ಕೈಯನ್ನ ತಿರುಗಿಸಿ ಅಂಟಿರೋದನ್ನ ಬಿಡಿಸೋದು, ಎಂಯುಎ ಅಂತಾರೆ. ಕೊಯ್ಯೋದಿಲ್ಲ, ಬೇಗ ಮುಗಿಯುತ್ತೆ, ಖರ್ಚು ಕಮ್ಮಿ, ಆದ್ರೆ ಮೂಳೆ ಟೊಳ್ಳಾಗಿರೋರಿಗೆ ತೋಳಿನ ಮೂಳೆ ಮುರಿಯೋ ಅಪಾಯ ಇದೆ, ನಾರು ಹರಿಯೋದೂ ಉಂಟು. ಇನ್ನೊಂದು, ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ದಪ್ಪ ಆಗಿರೋ ಚೀಲವನ್ನ ನೋಡ್ಕೊಂಡೇ ಕತ್ತರಿಸೋದು. ಇದು ನಿಖರ, ಆದ್ರೆ ದುಬಾರಿ.

ಇವೆರಡನ್ನೂ ಫಿಜಿಯೋ ಜೊತೆ ಇಟ್ಟು ನೋಡಿದ ದೊಡ್ಡ ಅಧ್ಯಯನ ಬ್ರಿಟನ್‌ದು, ಯುಕೆ ಫ್ರಾಸ್ಟ್ ಅಂತ, 2020ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, 35 ಆಸ್ಪತ್ರೆ, 503 ಜನ. ಒಂದು ಗುಂಪಿಗೆ ಎಂಯುಎ, ಒಂದಕ್ಕೆ ಕೀಹೋಲ್, ಒಂದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ ಕ್ರಮವಾಗಿ ಫಿಜಿಯೋ. ಒಂದು ವರ್ಷ ಆದ್ಮೇಲೆ ಮೂರು ಗುಂಪಿನವರೂ ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಂತಿದ್ರು, ಯಾವುದೂ ಇನ್ನೊಂದಕ್ಕಿಂತ ಕಣ್ಣಿಗೆ ಹೊಡೆಯೋ ಹಾಗೆ ಮೇಲಾಗಲಿಲ್ಲ. ಫಿಜಿಯೋ ಗುಂಪಲ್ಲಿ ಮುಂದೆ ಇನ್ನೊಂದು ಚಿಕಿತ್ಸೆ ಬೇಕಾದೋರು ಸ್ವಲ್ಪ ಜಾಸ್ತಿ ಇದ್ರು, ಕೀಹೋಲ್ ಗುಂಪಲ್ಲಿ ಗಂಭೀರ ತೊಂದರೆಗಳೂ ಖರ್ಚೂ ಜಾಸ್ತಿ. ಆಪರೇಷನ್ ಕೆಟ್ಟದ್ದು ಅಂತ ಇದನ್ನ ಓದ್ಬಾರ್ದು. ಎರಡನೇ ವಾರಕ್ಕೇ ಆಪರೇಷನ್‌ಗೆ ಡೇಟ್ ಕೊಡೋ ಕಡೆ ಇನ್ನೊಬ್ಬ ಡಾಕ್ಟ್ರ ಅಭಿಪ್ರಾಯ ತಗೊಳಿ ಅನ್ನೋದಕ್ಕಂತೂ ಇದು ಸಾಕು.

ಶುಗರ್ ಇರೋರು ಈ ಹಂತಕ್ಕೆ ಬಂದ್ರೆ ಮೂರು ತಿಂಗಳ ಸರಾಸರಿ, ಅದೇ ಎಚ್‌ಬಿಎ1ಸಿ, 8ರ ಕೆಳಗೆ ತಂದ್ಕೊಂಡೇ ಟೇಬಲ್ ಹತ್ತೋದು ಒಳ್ಳೇದು, ಸೋಂಕಿನ ಭಯ ಕಮ್ಮಿ. ಬೆಂಗಳೂರಲ್ಲಿ ಸಂಜಯ್ ಗಾಂಧಿ ಆಸ್ಪತ್ರೆ ಥರದ ಸರ್ಕಾರಿ ಮೂಳೆ ಆಸ್ಪತ್ರೆ ಇದೆ, ಜಿಲ್ಲಾಸ್ಪತ್ರೆಯಲ್ಲೂ ಆರ್ಥೋ ವಿಭಾಗ ಇರುತ್ತೆ, ಆಯುಷ್ಮಾನ್ ಕಾರ್ಡಲ್ಲಿ ಇದು ಬರುತ್ತಾ ಅಂತ ಅಲ್ಲಿರೋ ಆರೋಗ್ಯಮಿತ್ರರನ್ನ ಮುಂಚೆನೇ ಕೇಳಿ. ಆಪರೇಷನ್ ಆದ ಮಾರನೇ ದಿನದಿಂದಲೇ ಕೈ ಆಡಿಸ್ಬೇಕು, ಇಲ್ಲಾಂದ್ರೆ ಬಿಡಿಸಿದ್ದು ಮತ್ತೆ ಅಂಟ್ಕೊಳುತ್ತೆ, ಶುಗರ್ ಇರೋರಲ್ಲಿ ಇನ್ನೂ ಬೇಗ. ಮನೇಲಿ ಮದುವೆ, ಗದ್ದೆ ಕುಯ್ಲು ಇರೋ ತಿಂಗಳು ಡೇಟ್ ತಗೋಬೇಡಿ, ಯಾರೂ ಎಕ್ಸರ್‌ಸೈಸ್ ಮಾಡಲ್ಲ.

ಎಣ್ಣೆ, ಶಾಖ, ನಾಟಿ ಔಷಧಿ

ಆಯುರ್ವೇದದಲ್ಲಿ ಇದನ್ನ ಅವಬಾಹುಕ ಅಂತಾರೆ, ಅಭ್ಯಂಗ (ಎಣ್ಣೆ ಹಚ್ಚೋದು), ಸ್ವೇದನ (ಶಾಖ ಕೊಟ್ಟು ಬೆವರಿಸೋದು), ನಸ್ಯ (ಮೂಗಿಗೆ ಔಷಧಿ ಬಿಡೋದು) ಮಾಡ್ತಾರೆ. ಮೆತ್ತಗೆ ಎಣ್ಣೆ ಹಚ್ಚಿ ಶಾಖ ಕೊಟ್ರೆ ಮಾಂಸಖಂಡ ಸಡಿಲ ಆಗಿ ಹಿತ ಅನ್ಸುತ್ತೆ, ಆಮೇಲೆ ಎಕ್ಸರ್‌ಸೈಸ್ ಸುಲಭ, ಡಿಗ್ರಿ ಇರೋ ವೈದ್ಯರ ಹತ್ರ ಮಾಡಿಸ್ಕೊಳೋದಕ್ಕೆ ನನ್ನ ತಕರಾರಿಲ್ಲ. ಆದ್ರೆ ಶುಗರ್‌ನಿಂದ ನರ ಸತ್ತು ಸ್ಪರ್ಶ ಕಮ್ಮಿ ಆಗಿದ್ರೆ ಬಿಸಿನೀರಿನ ಬ್ಯಾಗು ಸುಟ್ಟಿದ್ದೇ ಗೊತ್ತಾಗಲ್ಲ, ಬೊಬ್ಬೆ ಬಂದ್ಮೇಲೆ ನೋಡ್ತೀರ, ಬೇರೆಯವರ ಕೈಲಿ ಬಿಸಿ ಮುಟ್ಟಿಸಿ ನೋಡಿ ಇಟ್ಕೊಳಿ. ಸಂದು ಕೂರಿಸ್ತೀನಿ ಅಂತ ತಟಕ್ಕಂತ ಎಳೆಯೋರ ಹತ್ರ ಹೋಗ್ಲೇಬೇಡಿ, ಮಂಪರು ಕೊಟ್ಟು ತಜ್ಞರು ಮಾಡಿದ್ರೇ ಮೂಳೆ ಮುರಿಯೋ ಅಪಾಯ ಇರೋ ಕೆಲಸ ಅದು. ಹೆಸರು, ಲೇಬಲ್ ಏನೂ ಇಲ್ದಿರೋ ಪುಡಿ ಗುಳಿಗೆ ತಿಂದು ಎರಡೇ ದಿನಕ್ಕೆ ನೋವು ಮಾಯ ಆಗಿ ಅದೇ ಹೊತ್ತಿಗೆ ಶುಗರ್ ಏರಿದ್ರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು ಅಂತ ಅನುಮಾನ ಪಡಿ.

ಹಾಗಾದ್ರೆ ಯಾರಿಗೆ ಯಾವುದು

ನೋವು ಶುರುವಾಗಿ ಮೂರ್ನಾಲ್ಕು ತಿಂಗಳಾಗಿದೆ, ರಾತ್ರಿ ನಿದ್ದೆ ಇಲ್ಲ, ಶುಗರ್ ಒಂದು ಮಟ್ಟಿಗೆ ಹಿಡಿತದಲ್ಲಿದೆ ಅಂದ್ರೆ ಇಂಜೆಕ್ಷನ್ ಹಾಕಿಸಿ ಮೆಲ್ಲಗೆ ಎಕ್ಸರ್‌ಸೈಸ್, ನಾನು ನಮ್ಮ ಮನೆಯವರಿಗೂ ಇದನ್ನೇ ಹೇಳೋದು. ಶುಗರ್ ಕೈಮೀರಿದ್ರೆ ಮೊದಲ ಎರಡು ಮೂರು ವಾರ ಪ್ಯಾರಾಸಿಟಮಾಲ್, ಲೋಲಕ ವ್ಯಾಯಾಮ, ಶುಗರ್ ಇಳಿಸೋದು, ಆಮೇಲೆ ಇಂಜೆಕ್ಷನ್. ನೋವು ಹೋಗಿ ಬಿಗಿತ ಮಾತ್ರ ಇದ್ರೆ ಇಂಜೆಕ್ಷನ್ ಹಿಂದೆ ಓಡದೆ ಎಳೆತದ ವ್ಯಾಯಾಮಕ್ಕೆ ಜೋರು ಕೊಡಿ, ಆರು ತಿಂಗಳಾದ್ರೂ ತಲೆ ಬಾಚಕ್ಕೆ, ಬಟ್ಟೆ ಹಾಕಕ್ಕೆ ಆಗ್ತಿಲ್ಲ ಅಂದ್ರೆ ಆಪರೇಷನ್ ಮಾತು. ಕಿಡ್ನಿ ತೊಂದರೆ ಇರೋರು ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಯಿಂದ ದೂರ ಇರ್ಬೇಕಾದ್ರಿಂದ ಅವರಿಗೆ ಇಂಜೆಕ್ಷನ್ ಇನ್ನೂ ಮುಂಚೆ ಲೆಕ್ಕಕ್ಕೆ ಬರುತ್ತೆ. ಇನ್ಸುಲಿನ್ ಚುಚ್ಕೊಳೋಕೆ ಕೈ ಹಿಂದಕ್ಕೆ ಹೋಗ್ತಿಲ್ಲ ಅನ್ನೋರು ತೋಳು ಬಿಟ್ಟು ಹೊಟ್ಟೆಗೆ ಹಾಕ್ಕೊಳಿ.

ಕೈಬೆರಳೂ ನೋಡ್ಕೊಳಿ

ಅದೇ ಸಕ್ಕರೆ ಅಂಟೋ ಕಥೆ ಬೇರೆ ಕೀಲಲ್ಲೂ ನಡೆಯುತ್ತೆ. ನಮಸ್ಕಾರ ಮಾಡಿದಂಗೆ ಎರಡೂ ಅಂಗೈ ಜೋಡಿಸಿ, ಬೆರಳುಗಳು ಒಂದಕ್ಕೊಂದು ಪೂರ್ತಿ ಅಂಟದೆ ಮಧ್ಯೆ ಸಂದು ಉಳಿದ್ರೆ ಬೆರಳಿನ ಕೀಲು ಬಿಗೀತಿದೆ ಅಂತ. ಇದಕ್ಕೆ ಬೆರಳು ಚಾಚೋ ವ್ಯಾಯಾಮ ಸಾಕು, ಆದ್ರೆ ಇದು ಇರೋರಲ್ಲಿ ಕಣ್ಣಿನ ರೆಟಿನಾ, ಕಿಡ್ನಿ ತೊಂದರೆನೂ ಜಾಸ್ತಿ ಕಾಣೋದ್ರಿಂದ ಅವೆರಡನ್ನ ತೋರಿಸೋದು ಮುಖ್ಯ. ಬೆರಳು ಮಡಚಿದ್ರೆ ಸಿಕ್ಕಾಕ್ಕೊಂಡು ಟಕ್ ಅಂತ ಬಿಡೋದು ಟ್ರಿಗರ್ ಫಿಂಗರ್, ಅದಕ್ಕೂ ಇಂಜೆಕ್ಷನ್ ಇದೆ, ಶುಗರ್ ಇರೋರಲ್ಲಿ ಅದರ ಯಶಸ್ಸು ಸ್ವಲ್ಪ ಕಮ್ಮಿ, ಒಂದೆರಡು ಸಲಕ್ಕೆ ಬಗ್ಗದಿದ್ರೆ ಸಣ್ಣ ಆಪರೇಷನ್ನೇ ಸರಿ, ಅದು ಭುಜದಷ್ಟು ದೊಡ್ಡ ಕೆಲಸ ಅಲ್ಲ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಕೈ ಕೊಡವಿದ್ರೆ ಹೋಗುತ್ತೆ ಅಂದ್ರೆ ಮಣಿಕಟ್ಟಲ್ಲಿ ನರ ಒತ್ತಿದೆ, ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಮಲಗೋದ್ರಿಂದ ಶುರು ಮಾಡಿ. ಕಾಯೋ ಹಾಗೇ ಇಲ್ಲದ್ದು ಒಂದೇ, ಪಾದ ಕೆಂಪಾಗಿ ಬಿಸಿಯಾಗಿ ಊದ್ಕೊಂಡಿದೆ, ನೋವು ಮಾತ್ರ ಅಷ್ಟಿಲ್ಲ ಅಂದ್ರೆ ಶಾರ್ಕೋ ಫುಟ್, ಅಂದ್ರೆ ನರ ಸತ್ತ ಪಾದದಲ್ಲಿ ಮೂಳೆ ಕೀಲು ಕುಸಿಯೋ ತೊಂದರೆ ಇರಬಹುದು, ಆ ಕಾಲ ಮೇಲೆ ಭಾರ ಹಾಕ್ದೆ ಅದೇ ದಿನ ತೋರಿಸಿ.

ಮತ್ತೆ ಒಂದು ಭುಜ ಬಿಟ್ಟು ವರ್ಷ ಎರಡು ವರ್ಷಕ್ಕೆ ಇನ್ನೊಂದು ಭುಜದಲ್ಲಿ ಅದೇ ರಾತ್ರಿ ನೋವು ಶುರುವಾದ್ರೆ ಹಿಂದಿನ ಸಲದಂಗೆ ಆರು ತಿಂಗಳು ತಳ್ಳದೆ ಆ ತಿಂಗಳಲ್ಲೇ ಬನ್ನಿ, ಹಳೇ ಚೀಟಿ, ಹೋದ್ಸಲ ಇಂಜೆಕ್ಷನ್ ಆದ್ಮೇಲೆ ಶುಗರ್ ಎಷ್ಟು ಏರಿತ್ತು ಅಂತ ಬರೆದಿಟ್ಟಿದ್ರೆ ಅದನ್ನೂ ತನ್ನಿ, ಡಾಕ್ಟ್ರಿಗೆ ಡೋಸ್ ಹೇಳೋಕೆ ಅದಕ್ಕಿಂತ ಒಳ್ಳೇ ದಾಖಲೆ ಇಲ್ಲ.